ಹಾಯಿದೋಣಿಯಲ್ಲಿ ಮಕ್ಕಳ ಜೊತೆ ಸಾಗರ ದಾಟುವವರ ದಿನಚರಿ ಹೇಗಿರುತ್ತದೆ?

ಮೊದಲ ಎರಡು ಮೂರು ದಿನ ದಿನಚರಿ ಅಂತ ಏನೂ ಇರುವುದಿಲ್ಲ. ಹೊಟ್ಟೆ ತೊಳಸುವುದು, ವಾಂತಿ, ನಿದ್ದೆ, ಅಷ್ಟೇ. ಮೈ ಅಲೆಗೆ ಒಗ್ಗಿದ ಮೇಲೆಯೇ ದೋಣಿ ಮನೆಯಾಗುವುದು.

ಆಫ್ರಿಕಾದ ವಾಯವ್ಯ ಕರಾವಳಿಯ ಆಚೆಗಿರುವ ಕೆನರಿ ದ್ವೀಪಗಳಿಂದ ಕೆರಿಬಿಯನ್‌ಗೆ ಅಟ್ಲಾಂಟಿಕ್ ದಾಟುವ ದಾರಿಯನ್ನೇ ನೋಡಿ. ಸುಮಾರು 2,700 ನಾಟಿಕಲ್ ಮೈಲಿ, ಅಂದರೆ 5,000 ಕಿಲೋಮೀಟರ್. ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ನಡುವೆ ಲಂಗರು ಹಾಕಿ ಮಲಗೋಣ ಅಂದರೆ ನೀರು ಕಿಲೋಮೀಟರ್‌ಗಟ್ಟಲೆ ಆಳ! ಹಾಗಾಗಿ ರಾತ್ರಿಯಿಡೀ ಪಾಳಿ. ಅಪ್ಪ ಮೂರು ಗಂಟೆ ಕಾವಲು, ಆಮೇಲೆ ಅಮ್ಮ ಮೂರು ಗಂಟೆ. ಬೇರೆ ಹಡಗಿನ ದೀಪ ಕಾಣುತ್ತಾ, ಗಾಳಿ ತಿರುಗಿತಾ ಅಂತ ನೋಡುತ್ತಿರಬೇಕು. ಮಕ್ಕಳು ಮಾತ್ರ ರಾತ್ರಿಯೆಲ್ಲ ಹಾಯಾಗಿ ಮಲಗಿ, ಬೆಳಗ್ಗೆ ಆರಕ್ಕೆ ಎದ್ದು ತಿಂಡಿ ಕೇಳುತ್ತವೆ. ನನ್ನ ಪ್ರಕಾರ ಬಿರುಗಾಳಿಗಿಂತ ಕಷ್ಟ ಇದೇ.

ಒಲೆಯನ್ನು ತೂಗಾಡುವಂತೆ ಕೂರಿಸಿರುತ್ತಾರೆ. ದೋಣಿ ವಾಲಿದರೂ ಪಾತ್ರೆ ನೆಟ್ಟಗಿರುತ್ತದೆ. ಸಿಹಿನೀರು ಉಳಿಸಲು ಪಾತ್ರೆಯನ್ನು ಸಮುದ್ರದ ನೀರಲ್ಲೇ ತೊಳೆಯುವುದು ರೂಢಿ. ಮಕ್ಕಳು ಡೆಕ್ಕಿಗೆ ಬಂದರೆ ಲೈಫ್ ಜಾಕೆಟ್, ಜೊತೆಗೆ ದೋಣಿಗೆ ಕಟ್ಟಿದ ಪಟ್ಟಿ. ಇದರಲ್ಲಿ ರಿಯಾಯಿತಿ ಇಲ್ಲ. ಬೆಳಗಿನ ಹೊತ್ತು ಒಂದಿಷ್ಟು ಪಾಠ, ಆಮೇಲೆ ಆಟ, ಗಾಳ ಹಾಕುವುದು. ರಾತ್ರಿ ಡೆಕ್ಕಿನ ಮೇಲೆ ಬಂದು ಬಿದ್ದ ಹಾರುಮೀನುಗಳನ್ನು ಎಣಿಸುವುದು ಮಕ್ಕಳಿಗೆ ತುಂಬಾ ಇಷ್ಟದ ಕೆಲಸ.

ಇನ್ನೊಂದು ತಮಾಷೆ: ಪಶ್ಚಿಮಕ್ಕೆ ಹೋದಂತೆ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತಾ ಹೋಗಬೇಕು, ಒಟ್ಟು ನಾಲ್ಕು ಗಂಟೆ. ಮಕ್ಕಳ ಹೊಟ್ಟೆಗೆ ಅದು ಗೊತ್ತಾಗಬೇಕಲ್ವಾ?