ಓದುಗರ ಪ್ರಶ್ನೆ: ಫ್ಯೂಸ್ ಎಷ್ಟು ಆಂಪಿಯರಿನದಿರಬೇಕು?

ಪ್ರಶ್ನೆ: ನಮ್ಮದು ಗಂಗಾವತಿ ತಾಲ್ಲೂಕಿನ ಹಳೆಯ ಮನೆ. ಅಡುಗೆಮನೆಯ ಲೈನಿಗೆ 10 ಆಂಪಿಯರಿನ ಪಿಂಗಾಣಿ ಕಿಟ್‌ಕ್ಯಾಟ್ ಫ್ಯೂಸ್ ಇದೆ. ಇಂಡಕ್ಷನ್ ಒಲೆ ತಂದ ಮೇಲೆ ಬೆಳಗಿನ ಹೊತ್ತು ಫ್ಯೂಸ್ ಪದೇ ಪದೇ ಹೋಗುತ್ತಿತ್ತು. ಪಕ್ಕದ ಮನೆಯವರು ವೈರಿನ ನಾಲ್ಕೈದು ಎಳೆ ಹೊಸೆದು ಕಟ್ಟಿಕೊಟ್ಟರು. ಈಗ ಫ್ಯೂಸ್ ಹೋಗುವುದಿಲ್ಲ, ಆದರೆ ಸ್ವಿಚ್ ಬೋರ್ಡ್ ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ. ಇನ್ನೂ ದೊಡ್ಡ ಫ್ಯೂಸ್ ಬೇಕೆ?

ಉತ್ತರ: ಬೇಡ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಆ ಎಳೆಗಳನ್ನು ತೆಗೆದುಹಾಕಿ. ಫ್ಯೂಸ್ ಇರುವುದು ಒಲೆಯನ್ನೋ ಫ್ರಿಜ್ಜನ್ನೋ ಕಾಯುವುದಕ್ಕೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಮುಖ್ಯವಾಗಿ ಕಾಯುವುದು ಗೋಡೆಯೊಳಗೆ ಹೂತಿರುವ, ನಮ್ಮ ಕಣ್ಣಿಗೆ ಬೀಳದ ತಂತಿಯನ್ನು. ಆದ್ದರಿಂದ ಫ್ಯೂಸಿನ ಅಳತೆಯು ಬಳಸುವ ಲೋಡಿಗಿಂತ ಕಡಿಮೆಯಿರಬಾರದು, ತಂತಿ ತಾಳುವ ಮಿತಿಯನ್ನು ಮೀರಲೂಬಾರದು.

ನಿಮ್ಮ ಬೆಳಗಿನ ಲೆಕ್ಕವನ್ನೇ ಹಾಕೋಣ. ಇಂಡಕ್ಷನ್ ಒಲೆ 2000 ವ್ಯಾಟ್, ನೀರು ಕಾಯಿಸುವ ರಾಡ್ ಇದ್ದರೆ 1500, ಮಿಕ್ಸಿ 750, ಫ್ರಿಜ್ಜು ಮತ್ತು ಫ್ಯಾನುಗಳೆಲ್ಲ ಸೇರಿ 400 ಎಂದುಕೊಂಡರೆ ಒಟ್ಟು 4650 ವ್ಯಾಟ್ ಆಯಿತು. ಇದನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 20 ಆಂಪಿಯರ್ ಬರುತ್ತದೆ. ಕಿಟ್‌ಕ್ಯಾಟ್ ಫ್ಯೂಸಿನ ತಂತಿ ತನ್ನ ಮೇಲೆ ಬರೆದ ಅಂಕಿಯ ಹೆಚ್ಚುಕಡಿಮೆ ಇಮ್ಮಡಿ ಕರೆಂಟಿಗೆ ಕರಗುತ್ತದೆ. ಅಂದರೆ ನಿಮ್ಮ ಫ್ಯೂಸ್ ಮಾಡಬೇಕಾದ ಕೆಲಸವನ್ನೇ ಮಾಡುತ್ತಿತ್ತು.

ಹಳೆಯ ಮನೆಗಳ ಇಂಥ ಲೈನಿನಲ್ಲಿ ಸಾಮಾನ್ಯವಾಗಿ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಇರುತ್ತದೆ. ಪೈಪಿನೊಳಗೆ ಅದು ತಾಳುವುದು 14–15 ಆಂಪಿಯರ್. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ ಇನ್ನೂ ಕಡಿಮೆ. ಕರೆಂಟ್ ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ನಿಮಗೆ ಬರುತ್ತಿರುವ ವಾಸನೆ ಬಹುಶಃ ತಂತಿಯ ಮೇಲಿನ ಪಿವಿಸಿ ಹೊದಿಕೆಯದು ಅಥವಾ ಸಾಕೆಟ್ಟಿನದು. ಹೊಸೆದ ಎಳೆಗಳು ಎಷ್ಟು ಆಂಪಿಯರಿಗೆ ಕರಗುತ್ತವೆಂಬುದು ಕಟ್ಟಿದವರಿಗೂ ತಿಳಿದಿರುವುದಿಲ್ಲ. 10 ಆಂಪಿಯರಿಗೆ 0.35 ಮಿಲಿಮೀಟರ್ ದಪ್ಪದ ತವರ ಲೇಪಿತ ತಾಮ್ರದ ಒಂದೇ ಎಳೆ ಸಾಕು. ಅಂಗಡಿಯಲ್ಲಿ ಆಂಪಿಯರ್ ಹೇಳಿ ಕೇಳಿದರೆ ಫ್ಯೂಸ್ ವೈರ್ ಕೊಡುತ್ತಾರೆ.

ಒಲೆಗೂ ರಾಡಿಗೂ ಮೀಟರ್ ಬೋರ್ಡಿನಿಂದಲೇ 2.5 ಚದರ ಮಿಲಿಮೀಟರಿನ ಬೇರೆ ಬೇರೆ ಲೈನ್ ಎಳೆಸಿ, ತಲಾ 16 ಆಂಪಿಯರಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ. ಬಿಸಿಯಾದ ಸಾಕೆಟ್ಟನ್ನು ಬದಲಿಸಿ, ಫ್ಯೂಸ್ ಫೇಸ್ ತಂತಿಯಲ್ಲೇ ಇದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್ನರಿಂದ ನೋಡಿಸಿಕೊಳ್ಳಿ. ನ್ಯೂಟ್ರಲ್‌ನಲ್ಲಿದ್ದರೆ ಫ್ಯೂಸ್ ಹೋದ ಮೇಲೂ ಬೋರ್ಡಿನಲ್ಲಿ ಕರೆಂಟ್ ಇರುತ್ತದೆ. ಮಂಜೂರಾದ ಲೋಡ್ ಎಷ್ಟೆಂದು ಬಿಲ್ಲಿನಲ್ಲಿ ನೋಡಿ, ಸಾಲದಿದ್ದರೆ ನಿಮ್ಮ ಭಾಗಕ್ಕೆ ವಿದ್ಯುತ್ ಪೂರೈಸುವ ಕಂಪನಿಯಾದ ಜೆಸ್ಕಾಂಗೆ ಅರ್ಜಿ ಕೊಡಿ.

ಪ್ರಶ್ನೆ: ಸಿಂಧನೂರಿನ ಹತ್ತಿರ ನಮ್ಮ ಹೊಲದಲ್ಲಿ 5 ಎಚ್‌ಪಿ ತ್ರೀಫೇಸ್ ಮೋಟರ್ ಇದೆ. ಓಡುವಾಗ ಏಳು ಆಂಪಿಯರ್ ತೋರಿಸುತ್ತದೆ, ಆದರೂ 10 ಆಂಪಿಯರಿನ ಫ್ಯೂಸ್ ಚಾಲೂ ಮಾಡಿದ ಕೂಡಲೇ ಹೋಗುತ್ತದೆ. ಏಕೆ?

ಉತ್ತರ: ನೇರವಾಗಿ ಚಾಲೂ ಮಾಡುವ ಮೋಟರ್ ಮೊದಲ ಕೆಲವು ಕ್ಷಣ ಆರೇಳು ಪಟ್ಟು, ಅಂದರೆ ನಿಮ್ಮಲ್ಲಿ ಸುಮಾರು 45 ಆಂಪಿಯರ್, ಎಳೆಯುತ್ತದೆ. ಆ ಕೆಲವು ಕ್ಷಣ ಅಷ್ಟನ್ನು ತಡೆದುಕೊಳ್ಳಲು 20 ಆಂಪಿಯರಿನ ಎಚ್‌ಆರ್‌ಸಿ ಫ್ಯೂಸ್ (ಶಾರ್ಟ್ ಸರ್ಕ್ಯೂಟಿನ ಭಾರೀ ಕರೆಂಟನ್ನೂ ಸುರಕ್ಷಿತವಾಗಿ ಕಡಿಯುವ ಮುಚ್ಚಿದ ಫ್ಯೂಸ್) ಹಾಕುವುದು ರೂಢಿ, ಕೇಬಲ್ಲೂ ಅದಕ್ಕೆ ತಕ್ಕುದಾಗಿರಬೇಕು. ಇಲ್ಲಿ ಫ್ಯೂಸ್ ನೋಡಿಕೊಳ್ಳುವುದು ಶಾರ್ಟ್ ಸರ್ಕ್ಯೂಟನ್ನು; ಮೋಟರನ್ನು ಕಾಯುವುದು ಸ್ಟಾರ್ಟರಿನ ಓವರ್‌ಲೋಡ್ ರಿಲೇ (ಹೆಚ್ಚು ಕರೆಂಟ್ ಎಳೆಯುತ್ತಲೇ ಇದ್ದರೆ ಮೋಟರನ್ನು ನಿಲ್ಲಿಸುವ ಭಾಗ), ಅದನ್ನು ಮೋಟರಿನ ತಗಡಿನ ಮೇಲೆ ಬರೆದ ಆಂಪಿಯರಿಗೇ ಸೆಟ್ ಮಾಡಿಸಿ. ಮೂರರಲ್ಲಿ ಒಂದೇ ಫ್ಯೂಸ್ ಹೋದರೆ ಮೋಟರ್ ಗುಂಯ್‌ಗುಡುತ್ತ ಉಳಿದೆರಡು ಫೇಸಿನಲ್ಲೇ ಎಳೆದು ಕಾಯಿಲು ಸುಟ್ಟುಕೊಳ್ಳುತ್ತದೆ. ಆದ್ದರಿಂದ ಸ್ಟಾರ್ಟರಿನಲ್ಲಿ ಸಿಂಗಲ್ ಫೇಸಿಂಗ್ ಪ್ರಿವೆಂಟರ್ (ಒಂದು ಫೇಸ್ ಹೋದ ಕೂಡಲೇ ಮೋಟರನ್ನು ನಿಲ್ಲಿಸುವ ಸಾಧನ) ಇಲ್ಲವಾದರೆ ಅದನ್ನೂ ಹಾಕಿಸಿಕೊಳ್ಳಿ.