ಬಿಸಿಲುಕೋಲು ಕಾಣಬೇಕಾದರೆ ಧೂಳು ಬೇಕು

ನೀವು ಕೇಳಿದ್ದು ಇಷ್ಟು: ಪ್ರಾರ್ಥನೆಗೆ ಕೂತಾಗ ದೇವರು ಇದ್ದಾನೆ ಅನಿಸುತ್ತದೆ, ಎದ್ದು ಕೆಲಸಕ್ಕೆ ಇಳಿದರೆ ಎಲ್ಲಾ ಮಾಯ. ದಿನದ ಗಡಿಬಿಡಿಯಲ್ಲಿ ಅವನನ್ನು ಗಮನಿಸುವುದು ಹೇಗೆ?

ನಾನು ಗುರುವೂ ಅಲ್ಲ, ಪಂಡಿತನೂ ಅಲ್ಲ. ಇದೇ ಪ್ರಶ್ನೆ ಇಟ್ಟುಕೊಂಡು ಹತ್ತು ಹನ್ನೆರಡು ವರ್ಷ ಒದ್ದಾಡಿದವನು. ಹಾಗಾಗಿ ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ.

ನಾನು ಸೂಚನೆಗಳನ್ನು ಹುಡುಕುತ್ತಿದ್ದೆ. ಅವಸರದಲ್ಲಿ ಹೊರಟಾಗ ಬಸ್ಸು ತಕ್ಷಣ ಸಿಕ್ಕಿತೇ? ದೇವರು. ಕಳೆದುಹೋದ ಬೀಗದ ಕೈ ಸಿಕ್ಕಿತೇ? ದೇವರು. ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬೇರೆ ಬರೆದಿಡುತ್ತಿದ್ದೆ, ನಗಬೇಡಿ. ಒಂದು ದಿನ ಬಸ್ಸು ತಪ್ಪಿತು, ಹೋದ ಕೆಲಸವೂ ಕೆಟ್ಟಿತು. ಈಗ ಏನು ಬರೆಯಲಿ? ದೇವರಿಗೆ ಇವತ್ತು ರಜೆ ಅಂತಲೇ? ನನ್ನ ಅನುಕೂಲಕ್ಕೇ ದೇವರು ಅಂತ ಹೆಸರಿಟ್ಟಿದ್ದೆ ಅನ್ನುವುದು ಆಗ ಹೊಳೆಯಿತು. ನನಗೆ ಕೊನೆಯ ಸೀಟು ಸಿಕ್ಕಿತು ಅಂದರೆ ಇನ್ಯಾರಿಗೋ ಸಿಗಲಿಲ್ಲ ಅಂತ ತಾನೇ? ನೋಟ್‌ಬುಕ್ಕು ಅಲ್ಲಿಗೇ ನಿಂತಿತು.

ದಾರಿ ಸಿಕ್ಕಿದ್ದು ಒಂದು ಬೆಳಗ್ಗೆ ಕಸ ಗುಡಿಸುವಾಗ. ಕಿಟಕಿಯ ಸಂದಿಯಿಂದ ಬಿಸಿಲುಕೋಲು ಒಳಗೆ ಬಿದ್ದಿತ್ತು. ಪೊರಕೆಯ ಧೂಳು ಎದ್ದು ಅದರಲ್ಲಿ ಮಿಣಮಿಣ ತೇಲುತ್ತಿತ್ತು. ಸ್ವಲ್ಪ ಹೊತ್ತಿಗೆ ಧೂಳು ಇಳಿಯಿತು, ಕೋಲೂ ಮಸುಕಾಯಿತು. ಬಿಸಿಲೇನೂ ಹೋಗಿರಲಿಲ್ಲ. ನೆಲದ ಮೇಲಿನ ಬೆಳಕಿನ ಚೌಕ ಹಾಗೇ ಇತ್ತು. ಶಾಲೆಯಲ್ಲಿ ಓದಿದ್ದು ನೆನಪಾಯಿತು. ಪಕ್ಕದಲ್ಲಿ ಹಾದುಹೋಗುವ ಬೆಳಕು ನಮಗೆ ಕಾಣುವುದಿಲ್ಲ. ಅದು ಯಾವುದಕ್ಕಾದರೂ ತಾಗಿ ನಮ್ಮ ಕಣ್ಣಿನ ಕಡೆ ತಿರುಗಬೇಕು. ಚಂದ್ರನ ಮೇಲೆ ಹಗಲಲ್ಲೂ ಆಕಾಶ ಕಪ್ಪು. ಸೂರ್ಯ ಅಲ್ಲೂ ಉರಿಯುತ್ತಾನೆ, ಆದರೆ ಬೆಳಕನ್ನು ಚದುರಿಸಲು ಗಾಳಿ ಇಲ್ಲ.

ಪೊರಕೆ ಹಿಡಿದು ಸುಮ್ನೆ ನಿಂತುಬಿಟ್ಟೆ. ಕೆಲಸ, ಜನ, ಸದ್ದು ಎಲ್ಲ ಪಕ್ಕಕ್ಕೆ ಸರಿದರೆ ದೇವರು ಕಾಣುತ್ತಾನೆ ಅಂದುಕೊಂಡಿದ್ದೆ. ಅವನು ಕಾಣುವುದಾದರೆ ಇವುಗಳಿಗೆ ತಾಗಿಯೇ ಕಾಣಬೇಕು ಅಲ್ವಾ?

ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿನ ಕೈಯಲ್ಲಿ ನೀರಿಗೆ ಉಪ್ಪು ಹಾಕಿಸುತ್ತಾನೆ. ಮರುದಿನ ಆ ಉಪ್ಪು ತಾ ಅನ್ನುತ್ತಾನೆ. ಕೈಗೆ ಸಿಗುವುದಿಲ್ಲ. ಮೇಲಿಂದ, ನಡುವಿಂದ, ತಳದಿಂದ ಕುಡಿಸುತ್ತಾನೆ. ಎಲ್ಲ ಕಡೆಯೂ ಉಪ್ಪೇ. ಈ ಕಥೆಯಲ್ಲಿ ನನಗೆ ಹಿಡಿಸುವುದು ಆ ಅಪ್ಪ ಭಾಷಣ ಬಿಗಿಯದೆ ಮೊದಲು ನೀರು ಕುಡಿಸಿದ್ದು.

ಇನ್ನು ಅಭ್ಯಾಸದ ಮಾತು. ಕೆಲಸದ ಮಧ್ಯೆಯೇ ಗಮನಿಸುತ್ತೇನೆ ಅಂತ ಹೊರಟರೆ ನನಗಂತೂ ಕೆಲಸವೂ ಹಾಳು, ಗಮನವೂ ಹಾಳು. 16ನೇ ಶತಮಾನದಲ್ಲಿ ಜೆಸ್ವಿಟ್ ಎಂಬ ಕ್ರೈಸ್ತ ಧಾರ್ಮಿಕ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಕ್ರಮ ಹೆಚ್ಚು ಉಪಯೋಗಕ್ಕೆ ಬಂತು. ದಿನವನ್ನು ಹಿಂತಿರುಗಿ ನೋಡುವುದು. ಅದು ತಪ್ಪುಗಳ ಎಣಿಕೆಯಿಂದ ಶುರುವಾಗುವುದಿಲ್ಲ, ಸಿಕ್ಕಿದ್ದಕ್ಕೆ ಕೃತಜ್ಞತೆ ಹೇಳುವುದರಿಂದ ಶುರುವಾಗುತ್ತದೆ. ಆಮೇಲೆ ಗಂಟೆ ಗಂಟೆಯಾಗಿ ದಿನವನ್ನು ನೋಡಬೇಕು. ಹಿಂತಿರುಗಿ ನೋಡುವಾಗ ಮಾತ್ರ ಕೆಲವು ಕಾಣುತ್ತವೆ, ಇದು ನನ್ನ ಅನುಭವ.

ಅಪ್ಪ ಆಸ್ಪತ್ರೆಯಲ್ಲಿದ್ದ ಒಂದು ರಾತ್ರಿ ನಾನು ಕುರ್ಚಿಯಲ್ಲೇ ನಿದ್ದೆ ಹೋಗಿದ್ದೆ. ಎಚ್ಚರವಾದಾಗ ಮೈಮೇಲೆ ಯಾರದೋ ಹೊದಿಕೆ. ಪಕ್ಕದ ಹಾಸಿಗೆಯ ರೋಗಿಯ ಹೆಂಡತಿ ಹೊದಿಸಿದ್ದರು. ಅವರ ಗಂಡನ ಸ್ಥಿತಿ ಅಪ್ಪನಿಗಿಂತ ಕೆಟ್ಟದಾಗಿತ್ತು. ಆಗ ನನಗೆ ಏನೂ ಅನಿಸಲಿಲ್ಲ. ಅವರಿಗೆ ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ, ಅದೂ ನೆನಪಿಲ್ಲ. ಎಷ್ಟೋ ತಿಂಗಳಾದ ಮೇಲೆ ಒಂದು ರಾತ್ರಿ ನನ್ನ ಹೊದಿಕೆ ಎಳೆದುಕೊಳ್ಳುವಾಗ ಅದು ನೆನಪಾಗಿ ಗಂಟಲು ಕಟ್ಟಿತು. ಆ ರಾತ್ರಿ ದೇವರು ಎಲ್ಲಿದ್ದ ಅಂತ ಅಷ್ಟು ದಿನ ಕೇಳುತ್ತಲೇ ಇದ್ದೆ ನೋಡಿ.

ಅದು ಮನುಷ್ಯರ ಒಳ್ಳೆಯತನ, ನಡುವೆ ದೇವರು ಯಾಕೆ ಅಂತ ನನ್ನ ಗೆಳೆಯ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆಯೇ. ವಾದ ಮಾಡಿ ಗೆಲ್ಲಲು ನನ್ನ ಹತ್ತಿರ ಏನೂ ಇಲ್ಲ. ಹೊದಿಕೆ ಅವರದೇ, ಕೈಯೂ ಅವರದೇ. ಧೂಳನ್ನೂ ನಾನು ಅಲ್ಲಗಳೆಯುತ್ತಿಲ್ಲವಲ್ಲ, ಅಂದುಕೊಂಡು ಸುಮ್ಮನಾಗುತ್ತೇನೆ.

ನೀವು ಶುರು ಮಾಡುವುದಾದರೆ ಐದು ನಿಮಿಷ ಸಾಕು, ದೀಪ ಆರಿಸಿದ ಮೇಲೆ. ಬರೆದಿಡಬೇಡಿ, ಬರೆದರೆ ಮತ್ತೆ ಲೆಕ್ಕ ಶುರುವಾಗುತ್ತದೆ. ದಿನಾ ಏನಾದರೂ ಸಿಗುತ್ತದೆ ಅಂತಲೂ ಇಲ್ಲ. ನಿನ್ನೆ ನಾನು ಬೆಳಗಿನಿಂದ ರಾತ್ರಿವರೆಗೆ ನೋಡಿಕೊಂಡು ಬಂದೆ. ಏನೂ ಸಿಗಲಿಲ್ಲ. ಪಕ್ಕಕ್ಕೆ ತಿರುಗಿ ಮಲಗಿದೆ.