ಹೆಸರಿನಲ್ಲಿ ಸಿಂಗಲ್ ಕೋಟ್ ಇದ್ದರೆ ಕ್ವೆರಿ ಎರರ್ ಕೊಡುತ್ತದೆ. ಯಾವ ಯಾವ ಚಿಹ್ನೆ ಬದಲಾಯಿಸಬೇಕು, ಪಟ್ಟಿ ಕೊಡಿ

ಪಟ್ಟಿ ಕೊಡುವುದಿಲ್ಲ. ನಾನೂ ಒಂದು ಪಟ್ಟಿ ಮಾಡಿಕೊಂಡೇ ಕೆಟ್ಟವನು.

ಶಿವಮೊಗ್ಗದ ಎಪಿಎಂಸಿ ಯಾರ್ಡಿನ ಒಂದು ಅಡಿಕೆ ಮಂಡಿಗೆ ಪಿಎಚ್‌ಪಿ, ಮೈಎಸ್‌ಕ್ಯೂಎಲ್‌ನಲ್ಲಿ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ರಾಶಿ, ಬೆಟ್ಟೆ, ಗೊರಬಲು, ಸರಕು, ಎಲ್ಲ ಬಗೆಯ ಅಡಿಕೆಯ ಲೆಕ್ಕವೂ ಚೆನ್ನಾಗಿಯೇ ನಡೆಯುತ್ತಿತ್ತು. ಸಾಗರದ ಕಡೆಯ ಒಬ್ಬ ರೈತರು ಬಂದರು, ಸರ್‌ನೇಮ್ ಡಿ'ಸೋಜಾ. ಸೇವ್ ಒತ್ತಿದರೆ ಎರರ್. ಕೋಟ್ ಕಂಡ ಕೂಡಲೇ ಹೆಸರು ಮುಗಿಯಿತು ಅಂತ ಡೇಟಾಬೇಸ್ ತಿಳಿಯುತ್ತದೆ, ಉಳಿದ 'ಸೋಜಾ'ವನ್ನು ಆಜ್ಞೆ ಅಂತ ಓದಲು ಹೋಗುತ್ತದೆ. ನಿಮಗೂ ಇದೇ ಆಗುತ್ತಿರುವುದು.

ನಾನು ಸುಮ್ನೆ ಪಿಎಚ್‌ಪಿಯ ಆ್ಯಡ್‌ಸ್ಲ್ಯಾಶಸ್ ಹಾಕಿದೆ. ಕೋಟ್‌ಗಿಂತ ಮೊದಲು ಒಂದು \ ಬಂತು (ಅದಿದ್ದರೆ ಡೇಟಾಬೇಸ್ ಕೋಟನ್ನು ಬರೀ ಅಕ್ಷರ ಅಂತ ಓದುತ್ತದೆ), ಎರರ್ ಹೋಯಿತು, ನಾನೂ ಮನೆಗೆ ಹೋದೆ. ಆದರೆ ಹಳೆ ಪಿಎಚ್‌ಪಿಯಲ್ಲಿ ಮ್ಯಾಜಿಕ್ ಕೋಟ್ಸ್ ಅಂತ ಒಂದಿತ್ತು, 2012ರಲ್ಲಿ 5.4 ಬಂದಾಗ ತೆಗೆದರು. ಅದು ಫಾರ್ಮಿನಿಂದ ಬಂದದ್ದಕ್ಕೆಲ್ಲ ತಾನೇ \ ಸೇರಿಸುತ್ತಿತ್ತು. ಅದರ ಮೇಲೆ ನನ್ನದೂ ಸೇರಿ, ಡೇಟಾಬೇಸ್ ಒಂದು ಪದರ ಮಾತ್ರ ಬಿಚ್ಚಿಕೊಂಡು, ಇನ್ನೊಂದು ಪದರ ಹೆಸರಿನ ಒಳಗೇ ಉಳಿಯಿತು. ಮೊದಲ ಸಲ ಸೇವ್ ಮಾಡಿದಾಗ ಒಂದು \. ಮೊಬೈಲ್ ನಂಬರ್ ತಿದ್ದಲು ತೆರೆದು ಸೇವ್ ಮಾಡಿದರೆ 3. ಬ್ಯಾಂಕ್ ಖಾತೆ ಬದಲಾಯಿಸಿದರೆ 7. ಆಮೇಲೆ 15. ಹೆಸರಿನ ಕಾಲಮ್ಮಿಗೆ 20 ಅಕ್ಷರ ಕೊಟ್ಟಿದ್ದೆ. ಸ್ಟ್ರಿಕ್ಟ್ ಮೋಡ್ ಇಲ್ಲದ ಮೈಎಸ್‌ಕ್ಯೂಎಲ್ ಹೆಚ್ಚಾದದ್ದನ್ನು ಕತ್ತರಿಸಿ ಬಿಸಾಡುತ್ತದೆ, ಎರರ್ ಕೂಡ ಕೊಡುವುದಿಲ್ಲ.

ಮುಂಗಡದ ಲೆಕ್ಕವನ್ನು ನಾನು ಹೆಸರಿನಿಂದಲೇ ಹುಡುಕುತ್ತಿದ್ದೆ (ಐಡಿಯಿಂದ ಹುಡುಕಬೇಕಿತ್ತು, ಗೊತ್ತು). ಹೆಸರು ತಾಳೆಯಾಗಲಿಲ್ಲ. ಮುಂಗಡ ಮುರಿಯದೆ ಪಟ್ಟಿ (ರೈತರಿಗೆ ಕೊಡುವ ಮಾರಾಟದ ಲೆಕ್ಕದ ಚೀಟಿ) ಪ್ರಿಂಟಾಗಿ ಪೂರ್ತಿ ದುಡ್ಡು ಹೋಯಿತು. ರೈತರು ಒಳ್ಳೆಯವರು, ಮುಂದಿನ ಪಟ್ಟಿಯಲ್ಲಿ ಮುರಿದುಕೊಳ್ಳಿ ಅಂದರು. ಮಂಡಿಯ ಸಾಹುಕಾರರು ಮಾತ್ರ ಅಲ್ಲಿಯವರೆಗೆ ಕಾಯದೆ ನನ್ನ ಬಿಲ್ಲಿನಲ್ಲೇ ಮುರಿದರು.

ಹಾಗಾಗಿ ಬದಲಾಯಿಸುವ ಯೋಚನೆಯನ್ನೇ ಬಿಡಿ. ಪಿಡಿಒ (ಪಿಎಚ್‌ಪಿಯಿಂದ ಡೇಟಾಬೇಸ್ ಜೊತೆ ಮಾತಾಡುವ ಸೌಲಭ್ಯ) ಬಳಸಿ, ಮೌಲ್ಯ ಬರುವ ಕಡೆ ಬರೀ ? ಇಟ್ಟು ಪ್ರಿಪೇರ್ ಮಾಡಿ, ಹೆಸರನ್ನು ಎಕ್ಸಿಕ್ಯೂಟ್‌ನಲ್ಲಿ ಬೇರೆಯಾಗಿ ಕೊಡಿ. ಆಗ ಯಾರೇ ಏನೇ ಟೈಪ್ ಮಾಡಲಿ, ಅದು ಹೆಸರಾಗಿಯೇ ಉಳಿಯುತ್ತದೆ. ಬೇಕಂತಲೇ ಕ್ವೆರಿ ತುರುಕಲು ಬರುವವರಿಗೂ ಇದೇ ಬಾಗಿಲು ಮುಚ್ಚುತ್ತದೆ. ಕನೆಕ್ಷನ್‌ನಲ್ಲಿ ಯುಟಿಎಫ್8ಎಂಬಿ4 (ಅಕ್ಷರಗಳ ಎನ್‌ಕೋಡಿಂಗ್) ಅಂತ ಹೇಳಿಬಿಡಿ, ಇಲ್ಲದಿದ್ದರೆ ಕನ್ನಡದ ಹೆಸರು ???? ಆಗಬಹುದು. ಟೇಬಲ್, ಕಾಲಮ್ ಹೆಸರುಗಳನ್ನು ಮಾತ್ರ ? ಮೂಲಕ ಕೊಡಲು ಬರುವುದಿಲ್ಲ, ಅವನ್ನು ಕೋಡಿನಲ್ಲೇ ಬರೆದಿಡಿ. ಕ್ವೆರಿಯಲ್ಲಿ ಲೈಕ್ (LIKE) ಹಾಕಿ ಹುಡುಕುವಾಗಲೂ ಹುಷಾರು: % ಎಷ್ಟು ಅಕ್ಷರಕ್ಕಾದರೂ, _ ಯಾವುದೇ ಒಂದು ಅಕ್ಷರಕ್ಕೆ ಹೊಂದುತ್ತದೆ, ಪ್ರಿಪೇರ್ ಮಾಡಿದರೂ ಅಷ್ಟೇ. ಅಲ್ಲಿ ಮಾತ್ರ ಅವೆರಡಕ್ಕಿಂತ ಮೊದಲು ನೀವೇ \ ಹಾಕಬೇಕು.

ಈಗಾಗಲೇ ಡೇಟಾ ಕೆಟ್ಟಿದ್ದರೆ ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಸ್ಟ್ರಿಪ್‌ಸ್ಲ್ಯಾಶಸ್ (\ ತೆಗೆಯುವ ಫಂಕ್ಷನ್) ಒಮ್ಮೆ ಓಡಿಸಿದರೆ 7 ಇದ್ದದ್ದು 3 ಆಗುತ್ತದೆ ಅಷ್ಟೇ, ಪೂರ್ತಿ ಹೋಗುವವರೆಗೂ ಓಡಿಸಬೇಕು. ಬಾಲ ಕತ್ತರಿಸಿದ ಹೆಸರುಗಳನ್ನು ಪಾಸ್‌ಬುಕ್ ನೋಡಿ ಕೈಯಲ್ಲೇ ಟೈಪ್ ಮಾಡಿ, ಬೇರೆ ದಾರಿ ಇಲ್ಲ.